ನಿಧಾನಗತಿಯ ಟ್ರಾಫಿಕ್ಕಿನಲ್ಲಿ ವಾಹನಗಳ ಸಾಲುಗಳ ನಡುವೆ ಬೈಕ್ ಓಡಿಸುವ ಕ್ರಮ

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸಂಜೆಯ ಹೊತ್ತು ಹೋಗುವ ಬೈಕ್ ಸವಾರರಲ್ಲಿ ಕಾರು ಬಸ್ಸುಗಳ ನಡುವಿನ ಸಂದಿಯಲ್ಲಿ ನುಸುಳದವರು ವಿರಳ. ಹಾಗೆ ನುಸುಳಿ ಬಿದ್ದವರು, ಕನ್ನಡಿ ಮುರಿದುಕೊಂಡವರು, ಕಾರಿನ ಬಾಗಿಲಿಗೆ ಮಂಡಿ ತಗುಲಿಸಿಕೊಂಡವರು ಮಾಡಿದ ತಪ್ಪು ಬಹುತೇಕ ಒಂದೇ ಆಗಿರುತ್ತದೆ. ಅವರು ಮೊದಲು ಗಾಡಿಯನ್ನು ಸಂದಿಗೆ ನುಗ್ಗಿಸುತ್ತಾರೆ, ಮುಂದೇನಿದೆ ಎಂದು ಆಮೇಲೆ ನೋಡುತ್ತಾರೆ. ಈ ಕ್ರಮ ತಿರುಗಬೇಕು. ಎಲ್ಲಿ ಹೊರಬರುತ್ತೇವೆ ಎಂಬುದು ತಿಳಿದ ಮೇಲೆಯೇ ಒಳಗೆ ಹೋಗಬೇಕು. ಕೆಳಗಿನ ಹಂತಗಳೆಲ್ಲವೂ ಈ ಒಂದು ಕ್ರಮವನ್ನು ಅಭ್ಯಾಸಕ್ಕೆ ತರುವ ಸಲುವಾಗಿ ಇವೆ. ಆದ್ದರಿಂದ ಇವುಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ಓದಿ ಅಭ್ಯಾಸ ಮಾಡಬೇಕೆಂದು ಕೋರುತ್ತೇನೆ.

ಮೊದಲಿಗೆ ಕಾನೂನಿನ ಮಾತು

ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯಲ್ಲಾಗಲಿ, 2017ರ ಚಾಲನಾ ನಿಯಮಾವಳಿಯಲ್ಲಾಗಲಿ ಸಾಲುಗಳ ನಡುವೆ ಸಾಗಲು ಬೈಕಿಗೆಂದು ಪ್ರತ್ಯೇಕ ಅನುಮತಿ ಇಲ್ಲ. ಲೇನ್ ಗುರುತಿರುವ ರಸ್ತೆಯಲ್ಲಿ ಲೇನಿನ ಒಳಗೇ ಇರಬೇಕು, ಬದಲಿಸುವಾಗ ಸೂಚನೆ ಕೊಡಬೇಕು, ಸಾಮಾನ್ಯವಾಗಿ ಬಲಬದಿಯಿಂದಲೇ ಮುಂದೆ ಹೋಗಬೇಕು ಎಂಬುದು ನಿಯಮ. ಪೊಲೀಸರು ದಂಡ ಹಾಕಬಹುದು. ಅಪಘಾತವಾದರೆ ನಿರ್ಲಕ್ಷ್ಯದ ಒಂದು ಪಾಲು ಸವಾರನ ಮೇಲೆಯೂ ಬರಬಹುದು. ಹೀಗಾಗಿ ಸಾಲಿನಲ್ಲಿ ತಾಳ್ಮೆಯಿಂದ ಕಾಯುವುದು ಯಾವಾಗಲೂ ನಿಮ್ಮ ಮೊದಲ ಆಯ್ಕೆಯಾಗಿರಬೇಕು. ಈ ಬರಹವು ಕಾಯಲಾರದೆ ನುಸುಳುವವರ ಕೈಕಾಲು ಉಳಿಯಲಿ ಎಂಬ ಕಾಳಜಿಯಿಂದ ಬರೆದದ್ದೇ ಹೊರತು ನುಸುಳಿರಿ ಎಂಬ ಪ್ರೋತ್ಸಾಹವಲ್ಲ.

ಇದನ್ನು ಕಾನೂನುಬದ್ಧಗೊಳಿಸಿದ ಕಡೆಗಳಲ್ಲಿಯೂ ವೇಗದ ವಿಚಾರದಲ್ಲಿ ಎಚ್ಚರಿಕೆ ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 2014ರ ಜುಲೈಯಲ್ಲಿ ಅನುಮತಿ ಕೊಟ್ಟಾಗ ಬೈಕಿನ ವೇಗ ಗಂಟೆಗೆ 30 ಕಿ.ಮೀ. ಮೀರಬಾರದೆಂಬ ಷರತ್ತು ಹಾಕಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸುಮಾರು 6,000 ಬೈಕ್ ಅಪಘಾತಗಳನ್ನು ಪರಿಶೀಲಿಸಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕಂಡುಕೊಂಡ ಸಂಗತಿಯೂ ಇದಕ್ಕೆ ಹೊಂದುತ್ತದೆ. ಸುತ್ತಲಿನ ವಾಹನಗಳಿಗಿಂತ ಬೈಕ್ ಗಂಟೆಗೆ ಸುಮಾರು 24 ಕಿ.ಮೀ.ಗೂ ಹೆಚ್ಚು ವೇಗವಾಗಿ ಸಾಗುತ್ತಿದ್ದಾಗ ಗಾಯಗೊಳ್ಳುವ ಸಂಭವ ಏರುತ್ತಿತ್ತು. ನಮ್ಮ ರಸ್ತೆಗಳಲ್ಲಿ ಲೇನ್ ಶಿಸ್ತಿಲ್ಲ, ನಿಂತ ವಾಹನಗಳ ನಡುವಿನಿಂದ ಪಾದಚಾರಿಗಳು ದಾಟುತ್ತಾರೆ, ಗುಂಡಿಗಳಿವೆ. ಹಾಗಾಗಿ ಆ ಅಂಕಿಯನ್ನು ಇಲ್ಲಿಗೆ ಹಾಗೆಯೇ ತರಬಾರದು. ವ್ಯತ್ಯಾಸವು 10 ಕಿ.ಮೀ. ಆಸುಪಾಸಿನಲ್ಲಿರಲಿ, 15 ಮೀರದಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 1: ಗಾಡಿ ಮತ್ತು ಸಲಕರಣೆ

ಮೊದಲು ಮನೆಯ ಮುಂದೆ ಗಾಡಿ ನಿಲ್ಲಿಸಿ, ಟೇಪು ಹಿಡಿದು ಅದರ ಅತ್ಯಂತ ಅಗಲವಾದ ಭಾಗವನ್ನು ಅಳೆಯಿರಿ. ಅದು ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ತುದಿಯಾಗಿರುತ್ತದೆ, ಕೆಲವುಗಳಲ್ಲಿ ಕನ್ನಡಿ. ಆಮೇಲೆ ಹಾಕಿಸಿದ ಕ್ರ್ಯಾಶ್ ಗಾರ್ಡ್ ಅಥವಾ ಪಕ್ಕದಲ್ಲಿ ನೇತುಹಾಕಿದ ಬ್ಯಾಗ್ ಕೂಡ ಆಗಿರಬಹುದು. ಸ್ಪ್ಲೆಂಡರ್‌ನಂಥ ಬೈಕ್ 72 ಸೆಂ.ಮೀ.ನಷ್ಟು ಅಗಲವಿದ್ದರೆ ಕ್ಲಾಸಿಕ್ 350 ಸುಮಾರು 78 ಸೆಂ.ಮೀ. ಇರುತ್ತದೆ. ಎರಡೂ ಬದಿಗೆ ಒಂದೊಂದು ಗೇಣು ಸೇರಿಸಿದರೆ ನಿಮಗೆ ಬೇಕಾದ ಕನಿಷ್ಠ ಸಂದಿ ಸುಮಾರು 1.2 ಮೀಟರ್ ಆಗುತ್ತದೆ.

ಈ ಅಳತೆಯನ್ನು ರಸ್ತೆಗೆ ಹೋಲಿಸಿ ನೋಡಿ. ಮುಖ್ಯ ರಸ್ತೆಯ ಒಂದು ಲೇನ್ ಸಾಮಾನ್ಯವಾಗಿ 3.5 ಮೀಟರ್ ಅಗಲವಿರುತ್ತದೆ. ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್. ಎರಡು ಕಾರುಗಳು ತಮ್ಮ ಲೇನಿನ ನಡುಮಧ್ಯದಲ್ಲಿದ್ದರೆ ನಡುವೆ 1.8 ಮೀಟರ್ ಉಳಿಯುತ್ತದೆ. ಆದರೆ ಬಸ್ಸು ಸುಮಾರು 2.5 ಮೀಟರ್ ಅಗಲವಿರುವುದರಿಂದ ಎರಡು ಬಸ್ಸುಗಳ ನಡುವೆ ಉಳಿಯುವುದು ಒಂದು ಮೀಟರ್ ಮಾತ್ರ, ಕನ್ನಡಿಗಳನ್ನು ಕಳೆದರೆ ಅಷ್ಟೂ ಇಲ್ಲ. ಎರಡು ದೊಡ್ಡ ವಾಹನಗಳ ನಡುವೆ ಎಂದೂ ಹೋಗಬಾರದೆಂಬ ನಿಯಮ ಈ ಸರಳ ಲೆಕ್ಕದಿಂದಲೇ ಹುಟ್ಟಿದೆ.

ಎರಡೂ ಬ್ರೇಕ್, ಬ್ರೇಕ್ ಲೈಟ್, ಹಾರ್ನ್, ಇಂಡಿಕೇಟರ್, ಟೈರಿನ ಗಾಳಿ ಮತ್ತು ಕ್ಲಚ್ ಕೇಬಲ್ಲಿನ ಸಡಿಲವನ್ನು ಪರೀಕ್ಷಿಸಿ. 2019ರ ಏಪ್ರಿಲ್‌ನಿಂದ ಮಾರಾಟವಾದ ಗಾಡಿಗಳಲ್ಲಿ 125 ಸಿಸಿಗಿಂತ ಮೇಲ್ಪಟ್ಟವುಗಳಿಗೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದಕ್ಕೂ ಕೆಳಗಿನವುಗಳಿಗೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ಬ್ರೇಕ್ ಬೀಳುವ ವ್ಯವಸ್ಥೆ) ಇರುತ್ತದೆ. ಎಬಿಎಸ್ ಇಲ್ಲದ ಗಾಡಿ ನಿಮ್ಮದಾಗಿದ್ದರೆ ಚಕ್ರ ಲಾಕ್ ಆಗದಂತೆ ಬ್ರೇಕ್ ಒತ್ತುವ ಹದ ನಿಮ್ಮ ಬೆರಳಿನಲ್ಲೇ ಇರಬೇಕು.

ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದಿರಬೇಕು. ಇದರ ಜೊತೆಗೆ ಜನ ಕಡೆಗಣಿಸುವ ಎರಡು ವಸ್ತುಗಳು ಕೈಗವಸು ಮತ್ತು ಪಾದ ಮುಚ್ಚುವ ಬೂಟು. ಸಂದಿಯಲ್ಲಿ ಮೊದಲು ತಗಲುವುದು ಕಿರುಬೆರಳ ಗೆಣ್ಣು, ಚಕ್ರದ ಕೆಳಗೆ ಮೊದಲು ಸಿಗುವುದು ನೆಲಕ್ಕೆ ಊರಿದ ಪಾದ. ಚಪ್ಪಲಿ ಹಾಕಿಕೊಂಡು ಸಾಲುಗಳ ನಡುವೆ ಹೋಗಬೇಡಿ.

ಹಂತ 2: ಖಾಲಿ ಮೈದಾನದಲ್ಲಿ ನಿಧಾನ ಸವಾರಿಯ ಅಭ್ಯಾಸ

ಈ ಹಂತವನ್ನು ಬಿಟ್ಟವರೇ ಹೆಚ್ಚು. ವೇಗವಾಗಿ ಓಡಿಸುವುದು ಎಲ್ಲರಿಗೂ ಬರುತ್ತದೆ, ನಡಿಗೆಯ ವೇಗದಲ್ಲಿ ಕಾಲೂರದೆ ನೇರವಾಗಿ ಸಾಗುವುದು ಕಲಿತರೆ ಮಾತ್ರ ಬರುತ್ತದೆ. ಮೈದಾನದಲ್ಲಿ ಒಂದು ಮೀಟರ್ ಅಂತರದ ಎರಡು ಗೆರೆಗಳನ್ನು ಸುಣ್ಣದ ಪುಡಿಯಿಂದ ಇಪ್ಪತ್ತು ಮೀಟರ್ ಉದ್ದಕ್ಕೆ ಎಳೆಯಿರಿ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು, ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಇಟ್ಟು, ವೇಗವನ್ನು ಹಿಂಬದಿ ಬ್ರೇಕಿನಿಂದ ಮಾತ್ರ ತಗ್ಗಿಸುತ್ತಾ ಗೆರೆಗಳ ನಡುವೆ ಹೋಗಿ. ಸ್ಕೂಟರಿನಲ್ಲಿ ಕ್ಲಚ್ ಇಲ್ಲದಿರುವುದರಿಂದ ಆಕ್ಸಿಲರೇಟರ್ ಮತ್ತು ಎಡಗೈಯ ಬ್ರೇಕ್ ಇವೆರಡರ ಹೊಂದಾಣಿಕೆಯನ್ನೇ ಕಲಿಯಬೇಕು.

ದೃಷ್ಟಿ ಗೆರೆಗಳ ಕೊನೆಯಲ್ಲಿರಲಿ, ಮುಂದಿನ ಚಕ್ರದ ಮೇಲೆ ಬೇಡ. ಹತ್ತಿರ ನೋಡಿದಷ್ಟೂ ಗಾಡಿ ಓಲಾಡುತ್ತದೆ. ಹ್ಯಾಂಡಲ್ ತಿರುಗಿಸಿದ ಸ್ಥಿತಿಯಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ನಿಧಾನದಲ್ಲಿಯೂ ಗಾಡಿ ಒಂದು ಬದಿಗೆ ಮಗುಚುತ್ತದೆ. ಮೊದಲು ಹ್ಯಾಂಡಲ್ ನೇರ, ಬಳಿಕ ಬ್ರೇಕ್ ಎಂಬ ಅಭ್ಯಾಸ ಕೈಗೆ ಹತ್ತಬೇಕು. ಕಾಲು ನೆಲಕ್ಕೆ ತಾಗಿಸದೆ, ಗೆರೆ ಮುಟ್ಟದೆ ನಿರಾಯಾಸವಾಗಿ ಹೋಗಿಬರುವಂತಾದ ಮೇಲೆ, ಯಾರಾದರೂ ಕೈ ಎತ್ತಿದ ತಕ್ಷಣ ಗೆರೆಗಳ ನಡುವೆಯೇ ನಿಲ್ಲುವುದನ್ನು ಸೇರಿಸಿಕೊಳ್ಳಿ. ಇದು ಬಾರದವರು ಮುಂದಿನ ಹಂತಗಳಿಗೆ ಹೋಗಬಾರದು.

ಹಂತ 3: ಹೋಗಬೇಕೇ ಎಂಬ ನಿರ್ಧಾರ

ಸಾಲಿನ ಹಿಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಸುತ್ತಲಿನ ವಾಹನಗಳು ನಿಂತಿವೆಯೇ ಅಥವಾ ತೀರ ನಿಧಾನವಾಗಿ ಸಾಗುತ್ತಿವೆಯೇ? ಮುಂದಿನ ಐದಾರು ವಾಹನಗಳವರೆಗೂ ಸಂದಿ ಒಂದೇ ಅಗಲದಲ್ಲಿದೆಯೇ? ಇದ್ದಕ್ಕಿದ್ದಂತೆ ಸಂದಿ ಮುಚ್ಚಿದರೆ ನಾನು ತೂರಿಕೊಳ್ಳಬಹುದಾದ ಜಾಗ ಎಲ್ಲಿದೆ? ಮೂರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಮಾತ್ರ ಹೊರಡಿ. ಮೂರನೆಯ ಪ್ರಶ್ನೆಗೆ ಉತ್ತರವೆಂದರೆ ಸಾಮಾನ್ಯವಾಗಿ ಎರಡು ಕಾರುಗಳ ನಡುವೆ ಹಿಂದುಮುಂದಾಗಿ ಬಿಟ್ಟಿರುವ ಜಾಗ. ಬಂಪರಿಗೆ ಬಂಪರ್ ತಾಗಿಸಿ ನಿಂತಿರುವ ಸಾಲಿನಲ್ಲಿ ಅಂಥ ಜಾಗವೇ ಇರುವುದಿಲ್ಲ. ಅಲ್ಲಿ ಒಳಗೆ ಹೋದವನು ಸಾಲು ಹೊರಟ ಕ್ಷಣದಲ್ಲಿ ಸಿಕ್ಕಿಬೀಳುತ್ತಾನೆ.

ಸುತ್ತಲಿನ ವಾಹನಗಳು ಗಂಟೆಗೆ 25 ರಿಂದ 30 ಕಿ.ಮೀ. ಮುಟ್ಟಿದರೆ ಸಂದಿಯಲ್ಲಿ ಇರಬಾರದು. ಆ ವೇಗದಲ್ಲಿ ಚಾಲಕರು ಲೇನ್ ಬದಲಿಸಲು ಶುರು ಮಾಡುತ್ತಾರೆ, ನಿಮಗೂ ಉಳಿತಾಯವಾಗುವ ಸಮಯ ಅಲ್ಪ.

ಕೆಲವು ಸ್ಥಳಗಳಲ್ಲಿ ಪ್ರಶ್ನೆ ಕೇಳಿಕೊಳ್ಳುವ ಅಗತ್ಯವೇ ಇಲ್ಲ, ಹೋಗಬಾರದು. ಬಸ್ ನಿಲ್ದಾಣದ ಹಿಂದುಮುಂದು, ಪೆಟ್ರೋಲ್ ಬಂಕಿನ ಪ್ರವೇಶ, ಸರ್ವಿಸ್ ರಸ್ತೆ ಬಂದು ಸೇರುವ ಜಾಗ, ಮೇಲ್ಸೇತುವೆ ಕವಲೊಡೆಯುವ ಮತ್ತು ಇಳಿದು ಕೂಡುವ ಬಾಯಿಗಳು, ಯೂ-ಟರ್ನ್ ಬಿಟ್ಟಿರುವ ಕಡೆ, ಕಾಮಗಾರಿಯ ಬ್ಯಾರಿಕೇಡ್‌ನಿಂದ ರಸ್ತೆ ಕಿರಿದಾಗುವ ಕಡೆ ಇವೆಲ್ಲ ಇದರಲ್ಲಿ ಸೇರುತ್ತವೆ. ಹೆಬ್ಬಾಳದ ಮೇಲ್ಸೇತುವೆಯ ಬಾಯಿಯಲ್ಲಿ ಮತ್ತು ಟಿನ್ ಫ್ಯಾಕ್ಟರಿಯ ಬಳಿ ಎಲ್ಲ ವಾಹನಗಳಿಗೂ ಪಕ್ಕಕ್ಕೆ ಸರಿಯಲು ಕಾರಣವಿರುತ್ತದೆ. ಪಕ್ಕದ ವಾಹನಕ್ಕೆ ನಿಮ್ಮ ಸಂದಿಗೆ ಬರಲು ಕಾರಣವಿದೆಯೇ ಎಂಬ ಒಂದು ಪ್ರಶ್ನೆಯೇ ಸ್ಥಳ ಯಾವುದಾದರೂ ನಿಮಗೆ ದಾರಿ ತೋರಿಸುತ್ತದೆ.

ಹಂತ 4: ಯಾವ ಸಂದಿ

ಮೂರು ಲೇನಿನ ರಸ್ತೆಯಲ್ಲಿ ಮೀಡಿಯನ್ (ರಸ್ತೆ ನಡುವಿನ ಡಿವೈಡರ್) ಪಕ್ಕದ ಲೇನಿಗೂ ಅದರ ಎಡಗಡೆಯ ಲೇನಿಗೂ ನಡುವಿನ ಸಂದಿಯೇ ಉಳಿದವುಗಳಿಗಿಂತ ವಾಸಿ. ಬಸ್ಸು ನಿಲ್ಲುವುದು, ಆಟೋ ಜನರನ್ನು ಹತ್ತಿಸುವುದು, ಕ್ಯಾಬಿನಿಂದ ಪ್ರಯಾಣಿಕರು ಇಳಿಯುವುದು ಬಹುಪಾಲು ಎಡಭಾಗದಲ್ಲಿಯೇ ನಡೆಯುತ್ತದೆ. ಫುಟ್‌ಪಾತಿಗೂ ಎಡತುದಿಯ ವಾಹನಕ್ಕೂ ನಡುವೆ ನುಗ್ಗುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಬಾಗಿಲು ತೆರೆಯುವುದೂ ಅಲ್ಲಿಗೇ, ಬಸ್ಸಿಗಾಗಿ ಜನ ರಸ್ತೆಗಿಳಿಯುವುದೂ ಅಲ್ಲಿಗೇ, ಮುಚ್ಚಳ ಕುಸಿದ ಮ್ಯಾನ್‌ಹೋಲ್ ಮತ್ತು ಮಣ್ಣು ಕೂಡುವುದೂ ಅಲ್ಲಿಯೇ. ಫುಟ್‌ಪಾತಿನ ಮೇಲೆ ಹತ್ತಿಸುವ ಮಾತನ್ನು ಆಡಲೇಬಾರದು. ಅದು ನಡೆಯುವವರ ಜಾಗ.

ಮೀಡಿಯನ್ ಪಕ್ಕದ ಸಂದಿಯಲ್ಲಿಯೂ ಒಂದು ಅಪಾಯವಿದೆ. ಮೀಡಿಯನ್ ಹಾರಿ ಬರುವ ಪಾದಚಾರಿ ಎತ್ತರದ ಎಸ್‌ಯುವಿಯ ಮರೆಯಿಂದ ನೇರವಾಗಿ ನಿಮ್ಮ ಮುಂದೆ ಕಾಲಿಡುತ್ತಾನೆ.

ಹಂತ 5: ಸಂದಿಯೊಳಗೆ ಹೋಗುವ ಕ್ರಮ

ಇಲ್ಲಿ ಅನುಕ್ರಮ ತಪ್ಪಬಾರದು. ಮೊದಲು ವೇಗ ತಗ್ಗಿಸಿ, ಗೇರನ್ನು ಒಂದು ಅಥವಾ ಎರಡಕ್ಕೆ ಇಳಿಸಿ. ಬಳಿಕ ಕನ್ನಡಿ ನೋಡಿ. ಅನಂತರ ಇಂಡಿಕೇಟರ್ ಹಾಕಿ. ಆಮೇಲೆ ಕತ್ತನ್ನು ಹೊರಳಿಸಿ ಭುಜದ ಹಿಂದೆ ಒಮ್ಮೆ ನೋಡಿ, ಏಕೆಂದರೆ ಅದೇ ಸಂದಿಯಲ್ಲಿ ನಿಮಗಿಂತ ವೇಗವಾಗಿ ಬರುತ್ತಿರುವ ಇನ್ನೊಂದು ಬೈಕ್ ಕನ್ನಡಿಯ ಕುರುಡು ಜಾಗದಲ್ಲಿ ಅಡಗಿರುತ್ತದೆ. ಕೊನೆಯಲ್ಲಿ ಗಾಡಿಯನ್ನು ಸಂದಿಗೆ ತನ್ನಿ. ಇಂಡಿಕೇಟರ್ ಆಫ್ ಮಾಡುವುದನ್ನು ಮರೆತರೆ ಹಿಂದಿನವರಿಗೆ ತಪ್ಪು ಸೂಚನೆ ಹೋಗುತ್ತದೆ.

ಒಳಗೆ ಬಂದ ಕ್ಷಣದಿಂದ ಎರಡು ಬೆರಳುಗಳು ಮುಂದಿನ ಬ್ರೇಕ್ ಲಿವರಿನ ಮೇಲೆ ಇರಬೇಕು, ಬಲಪಾದ ಹಿಂದಿನ ಬ್ರೇಕಿನ ಮೇಲೆ ಸಿದ್ಧವಾಗಿರಬೇಕು. ಮಂಡಿಗಳು ಟ್ಯಾಂಕಿಗೆ ಒತ್ತಿರಲಿ, ಅಗಲಿಸಿದ ಮಂಡಿಯೇ ಬಂಪರಿಗೆ ತಾಗುವುದು. ಎರಡೂ ಕಾಲುಗಳನ್ನು ಕೆಳಗೆ ತೂಗಿಬಿಟ್ಟು ದೋಣಿಗೆ ಹುಟ್ಟು ಹಾಕಿದಂತೆ ಸಾಗುವ ರೂಢಿ ತುಂಬ ಜನರಿಗಿದೆ. ಆಗ ಹಿಂದಿನ ಬ್ರೇಕ್ ಒತ್ತಲು ಕಾಲೇ ಇರುವುದಿಲ್ಲ, ಪಕ್ಕದ ಕಾರಿನ ಚಕ್ರ ಪಾದದ ಮೇಲೆ ಹತ್ತುವ ಸಂಭವವೂ ಇರುತ್ತದೆ.

ಹಂತ 6: ಸಂದಿಯೊಳಗಿನ ಸವಾರಿ

ವೇಗದ ಲೆಕ್ಕವನ್ನು ಕಾರುಗಳ ಉದ್ದದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಿ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತೆಂದುಕೊಂಡರೆ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಆ ಹೊತ್ತಿಗೆ ನೀವು ಸುಮಾರು 4 ಮೀಟರ್, ಅಂದರೆ ಒಂದು ಸಣ್ಣ ಕಾರಿನ ಉದ್ದ ಸಾಗಿರುತ್ತೀರಿ. 30ರಲ್ಲಿ ಎರಡು ಕಾರುಗಳ ಉದ್ದ, 40ರಲ್ಲಿ 11 ಮೀಟರ್. ಬ್ರೇಕ್ ಕೆಲಸ ಮಾಡಲು ಶುರುವಾಗುವುದು ಅಲ್ಲಿಂದ ಮುಂದೆ. ನಿಂತಿರುವ ಸಾಲಿನಲ್ಲಿ ಒಂದು ಕಾರಿನ ಬಾಗಿಲು ತೆರೆದಾಗ ನಿಮಗೂ ಅದಕ್ಕೂ ನಡುವೆ ಇರುವುದು ಹೆಚ್ಚೆಂದರೆ ಒಂದೋ ಎರಡೋ ಕಾರುಗಳ ಅಂತರ. ಹಾಗಾಗಿ ನಿಂತ ಸಾಲಿನಲ್ಲಿ 15 ಮೀರಿದ ವೇಗಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಣ್ಣು ಒಂದೇ ಕಡೆ ನಿಲ್ಲಬಾರದು. ಐದಾರು ವಾಹನ ಮುಂದಕ್ಕೆ, ಮತ್ತೆ ಮುಂದಿನ ಎರಡು ವಾಹನಗಳ ಮುಂಚಕ್ರಗಳಿಗೆ, ಮತ್ತೆ ರಸ್ತೆಯ ಮೇಲ್ಮೈಗೆ, ಆಗಾಗ ಕನ್ನಡಿಗೆ ದೃಷ್ಟಿ ಸುತ್ತುತ್ತಿರಲಿ. ಕಾರಿನ ದಿಕ್ಕು ಬದಲಾಗುವ ಮೊದಲ ಸುಳಿವು ಇಂಡಿಕೇಟರಿನಲ್ಲಿ ಸಿಗುವುದಿಲ್ಲ, ಮುಂಚಕ್ರದಲ್ಲಿ ಸಿಗುತ್ತದೆ. ಆದ್ದರಿಂದ ಚಕ್ರವನ್ನೇ ಗಮನಿಸಿ.

ಮುಂದೆ ಹೋಗುತ್ತಿರುವ ಬೈಕಿಗೆ ಅಂಟಿಕೊಂಡು ಹೋಗಬೇಡಿ. ಅವನು ಗುಂಡಿಯನ್ನು ತಪ್ಪಿಸಿ ಹೊರಳಿದಾಗ ನಿಮಗೆ ಕಾಣುವುದು ಗುಂಡಿ ಮಾತ್ರ. ಇದೇ ರೀತಿ ಹಿಂದಿನಿಂದ ಹಾರ್ನ್ ಹೊಡೆಯುತ್ತ ಒತ್ತಡ ಹಾಕುವವನಿಗಾಗಿ ನಿಮ್ಮ ವೇಗ ಹೆಚ್ಚಿಸಬೇಡಿ. ಮುಂದೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಅವನನ್ನು ಬಿಟ್ಟುಬಿಡಿ.

ನಿಮ್ಮ ಹಾರ್ನನ್ನು ನಂಬಿಕೊಂಡು ಮುಂದುವರಿಯುವುದೂ ತಪ್ಪು. ಕಿಟಕಿ ಏರಿಸಿ ಹಾಡು ಹಾಕಿಕೊಂಡ ಕಾರಿನೊಳಗೆ ಅದು ಕೇಳಿಸಿತೆಂದೂ, ಕೇಳಿದವರು ಸರಿಯಾದ ಬದಿಗೆ ಸರಿದಾರೆಂದೂ ಖಾತರಿ ಇಲ್ಲ. ಅನುಮಾನ ಬಂದಾಗ ಮೊದಲು ಬ್ರೇಕ್, ಆಮೇಲೆ ಒಂದು ಚಿಕ್ಕ ಹಾರ್ನ್.

ಹಂತ 7: ಎಚ್ಚರಿಕೆಯ ಲಕ್ಷಣಗಳು

ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವೆಂದರೆ ಒಂದು ಸಾಲು ನಿಂತು, ಪಕ್ಕದ ಸಾಲು ಹೊರಡುವುದು. ನಿಂತ ಸಾಲಿನಲ್ಲಿರುವ ಪ್ರತಿಯೊಬ್ಬ ಚಾಲಕನೂ ಆ ಕ್ಷಣದಲ್ಲಿ ಸಾಗುತ್ತಿರುವ ಸಾಲಿಗೆ ನುಗ್ಗಲು ನೋಡುತ್ತಾನೆ, ಅವನ ಗಮನವೆಲ್ಲ ಅಲ್ಲಿನ ಕಾರಿನ ಮೇಲಿರುತ್ತದೆ, ನಿಮ್ಮ ಮೇಲಲ್ಲ. ಇದು ಕಂಡ ಕೂಡಲೇ ನಡಿಗೆಯ ವೇಗಕ್ಕೆ ಇಳಿಯಿರಿ ಅಥವಾ ಸಾಲಿಗೆ ಸೇರಿಕೊಳ್ಳಿ. ಒಂದು ಕಾರಿನ ಮುಂದೆ ಪಕ್ಕದ ಸಾಲಿನಲ್ಲಿ ಖಾಲಿ ಜಾಗ ಬಿಟ್ಟಿದೆ ಎಂದರೂ ಅರ್ಥ ಅದೇ: ಯಾರೋ ಅಲ್ಲಿಗೆ ಬರಲಿದ್ದಾರೆ, ಅಥವಾ ಪಾದಚಾರಿಗೆ ದಾರಿ ಬಿಡಲಾಗಿದೆ.

ಕ್ಯಾಬಿನ ಒಳಗಿನ ದೀಪ ಹತ್ತಿದರೆ, ಹಿಂದಿನ ಸೀಟಿನವರು ಬ್ಯಾಗ್ ಎತ್ತಿಕೊಂಡರೆ, ಚಾಲಕ ಫೋನಿನ ಪರದೆ ಮುಟ್ಟಿದರೆ ಬಾಗಿಲು ತೆರೆಯುವ ಸಂಭವವಿದೆ. ಟ್ರಾಫಿಕ್ ಜಾಮ್ ಆದಾಗ ಮೆಟ್ರೋ ನಿಲ್ದಾಣ ಮತ್ತು ಟೆಕ್ ಪಾರ್ಕುಗಳ ಬಳಿ ಪ್ರಯಾಣಿಕರು ಲೇನ್ ಯಾವುದೆಂದು ನೋಡದೆ ಇಳಿದುಬಿಡುತ್ತಾರೆ.

ಆಟೋದ ಮುಂಚಕ್ರ ಒಂದೇ ಆಗಿರುವುದರಿಂದ ಅದು ನಿಂತಲ್ಲಿಂದಲೇ ಥಟ್ಟನೆ ಹೊರಳಬಲ್ಲದು. ಫುಟ್‌ಪಾತಿನಲ್ಲಿ ಯಾರಾದರೂ ಕೈ ಎತ್ತಿದ್ದು ಕಂಡರೆ ಖಾಲಿ ಆಟೋ ಎಡಕ್ಕೆ ಬರುತ್ತದೆಂದು ತಿಳಿಯಿರಿ.

ಬಸ್ಸಿನ ವಿಚಾರ ಬೇರೆ. ಅದು ಬಲಕ್ಕೆ ತಿರುಗಲು ಶುರು ಮಾಡಿದಾಗ ಹಿಂಚಕ್ರದ ಹಿಂದಿನ ಉದ್ದವಾದ ಭಾಗ ಎಡಕ್ಕೆ ಬೀಸುತ್ತದೆ. ಎಡಕ್ಕೆ ತಿರುಗಿದರೆ ಬಲಕ್ಕೆ. ಅದರ ಕನ್ನಡಿಯೋ ಸವಾರನ ಹೆಲ್ಮೆಟ್ಟಿನ ಎತ್ತರಕ್ಕೇ ಇರುತ್ತದೆ. ಚಾಲಕನ ಮುಖ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ನಿಂತ ಬಸ್ಸನ್ನು ದಾಟುವಾಗ ಅದರ ಮೂಗಿನ ಬಳಿ ಸಂಪೂರ್ಣ ನಿಧಾನಿಸಿ, ಇಳಿದ ಪ್ರಯಾಣಿಕರು ಅದರ ಮುಂದಿನಿಂದಲೇ ದಾಟುತ್ತಾರೆ. ಲಾರಿ, ನೀರಿನ ಟ್ಯಾಂಕರ್, ಕಾಂಕ್ರೀಟ್ ಮಿಕ್ಸರ್ ಇವುಗಳ ಪಕ್ಕಕ್ಕೆ ಹೋಗಲೇಬೇಡಿ. ಅವುಗಳ ಹಿಂಚಕ್ರದ ಬಳಿ ಬಿದ್ದವನಿಗೆ ಎರಡನೆಯ ಅವಕಾಶ ಇರುವುದಿಲ್ಲ. ಟ್ಯಾಂಕರಿನಿಂದ ಸೋರಿದ ನೀರು ಧೂಳಿನ ಜೊತೆ ಸೇರಿ ರಸ್ತೆಯನ್ನು ಜಾರುವಂತೆ ಮಾಡುತ್ತದೆ ಎಂಬುದೂ ನೆನಪಿರಲಿ.

ಆಂಬ್ಯುಲೆನ್ಸಿನ ಸೈರನ್ ಕೇಳಿದರೆ ಸಂದಿಯನ್ನು ಕೂಡಲೇ ಖಾಲಿ ಮಾಡಿ. ಕಾರುಗಳು ಎರಡೂ ಬದಿಗೆ ಅನಿರೀಕ್ಷಿತವಾಗಿ ಸರಿಯತೊಡಗುತ್ತವೆ. ಆಂಬ್ಯುಲೆನ್ಸಿನ ಬೆನ್ನುಹತ್ತಿ ಹೋಗುವುದು ಅಪಾಯಕರ ಮಾತ್ರವಲ್ಲ, ಅಸಭ್ಯ.

ಹಂತ 8: ಹೊರಬರುವುದು ಮತ್ತು ಸಿಗ್ನಲ್

ಸಾಲು ವೇಗ ಹಿಡಿಯುವ ಮೊದಲೇ ಹೊರಬನ್ನಿ. ಪಕ್ಕದ ಕಾರಿನ ಚಾಲಕನ ಕಣ್ಣು ನಿಮ್ಮ ಮೇಲೆ ಬಿದ್ದಿದೆ ಎಂದು ಕಂಡುಕೊಂಡು, ಇಂಡಿಕೇಟರ್ ಹಾಕಿ, ಕೈ ತೋರಿಸಿ, ಅವನ ವೇಗಕ್ಕೆ ಹೊಂದಿಕೊಂಡು ಅವನ ಮುಂದಿನ ಅಥವಾ ಹಿಂದಿನ ಜಾಗಕ್ಕೆ ಸೇರಿ. ಬ್ರೇಕ್ ಹಾಕುತ್ತಾ ಕಾರಿನ ಮುಂದೆ ತೂರುವುದು ಹಿಂದಿನಿಂದ ಗುದ್ದಿಸಿಕೊಳ್ಳುವ ಖಚಿತ ಮಾರ್ಗ.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಆರಲು ಉಳಿದ ಸೆಕೆಂಡುಗಳು ಕಾಣುತ್ತಿದ್ದರೆ, ಹದಿನೈದಕ್ಕಿಂತ ಕಡಿಮೆ ಉಳಿದಾಗ ಹೊಸದಾಗಿ ಸಂದಿಗೆ ಹೋಗಬೇಡಿ. ಮುಂದೆ ತಲುಪಿದಾಗ ಬಿಳಿ ಗೆರೆಯ ಹಿಂದೆಯೇ ನಿಲ್ಲಿ. ಜೀಬ್ರಾ ಪಟ್ಟೆಯ ಮೇಲೆ ನಿಂತರೆ ಪಾದಚಾರಿಗಳು ನಿಮ್ಮನ್ನು ಬಳಸಿ ನಡುರಸ್ತೆಗೆ ಇಳಿಯಬೇಕಾಗುತ್ತದೆ. ಬಸ್ಸು ಲಾರಿಗಳ ಮೂಗಿನ ಕೆಳಗೂ ನಿಲ್ಲಬೇಡಿ, ಎತ್ತರದ ಸೀಟಿನ ಚಾಲಕನಿಗೆ ಅಲ್ಲಿ ನಿಂತ ಬೈಕ್ ಕಾಣುವುದಿಲ್ಲ. ಹಸಿರು ಬಂದ ಮೇಲೆ ಎರಡೂ ಬದಿ ನೋಡಿ ಹೊರಡಿ.

ಮಳೆ, ಕತ್ತಲೆ, ಹಿಂಬದಿ ಸವಾರ

ಮಳೆಯಲ್ಲಿ ಲೇನಿನ ಬಿಳಿ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣ, ಮೇಲ್ಸೇತುವೆಯ ಕೂಡುಪಟ್ಟಿಗಳು ಜಾರುತ್ತವೆ, ಮತ್ತು ಸಂದಿಯಲ್ಲಿ ಸಾಗುವವನು ಸರಿಯಾಗಿ ಆ ಬಿಳಿ ಗೆರೆಯ ಮೇಲೆಯೇ ಇರುತ್ತಾನೆ. ಕಾರಿನ ಕನ್ನಡಿಗಳಲ್ಲಿಯೂ ಹನಿ ನಿಂತು ನೀವು ಮಸುಕಾಗುತ್ತೀರಿ. ಮಳೆಯಲ್ಲಿ ಸಂದಿ ಬೇಡ. ರಾತ್ರಿ ಹೈಬೀಮ್ ಬೆಳಕು ಎದುರಿನವರ ಕಣ್ಣು ಕೋರೈಸುವುದರಿಂದ ಲೋಬೀಮ್ ಇರಲಿ.

ಹಿಂದೆ ಒಬ್ಬರು ಕೂತಾಗ ಅವರ ಮಂಡಿಗಳು ಗಾಡಿಯ ಅಗಲವನ್ನು ಹೆಚ್ಚಿಸುತ್ತವೆ, ನಿಧಾನದಲ್ಲಿ ಸಮತೋಲನವೂ ಕಷ್ಟ. ಸೀರೆಯುಟ್ಟು ಒಂದು ಬದಿಗೆ ಕೂತ ಹೆಂಗಸರು, ಮಕ್ಕಳು, ದೊಡ್ಡ ಡೆಲಿವರಿ ಬ್ಯಾಗ್ ಇವುಗಳಲ್ಲಿ ಯಾವುದಾದರೂ ಇದ್ದರೆ ಸಾಲಿನಲ್ಲಿಯೇ ಸಾಗಿ.

ತಗುಲಿದರೆ ಏನು ಮಾಡಬೇಕು

ಕನ್ನಡಿಗೋ ಬಂಪರಿಗೋ ಗಾಡಿ ತಾಗಿತೆಂದರೆ ಹ್ಯಾಂಡಲನ್ನು ಗಾಬರಿಯಿಂದ ಎದುರು ಬದಿಗೆ ಎಳೆಯಬೇಡಿ, ಆಗ ಆ ಕಡೆಯ ವಾಹನಕ್ಕೂ ಬಡಿಯುತ್ತೀರಿ. ಹ್ಯಾಂಡಲ್ ನೇರ ಹಿಡಿದು, ಕ್ಲಚ್ ಒತ್ತಿ, ಎರಡೂ ಬ್ರೇಕಿನಿಂದ ಮೆತ್ತಗೆ ನಿಲ್ಲಿ. ನಡುರಸ್ತೆಯಲ್ಲಿ ಗಾಡಿಯಿಂದ ಇಳಿದು ಮಾತಿಗೆ ನಿಲ್ಲಬೇಡಿ. ಕಾರಿನವರಿಗೆ ಸನ್ನೆ ಮಾಡಿ ಇಬ್ಬರೂ ಎಡಬದಿಗೆ ಹೋಗಿ, ಹಾನಿಯ ಫೋಟೋ ತೆಗೆದು, ಸಮಾಧಾನವಾಗಿ ಮಾತಾಡಿ. ಯಾರಿಗಾದರೂ ಗಾಯವಾಗಿದ್ದರೆ ಗಾಡಿಗಳನ್ನು ಸರಿಸುವ ಮೊದಲು ಹಿಂದಿನ ವಾಹನಗಳನ್ನು ನಿಲ್ಲಿಸಿ, 112ಕ್ಕೋ 108ಕ್ಕೋ ಕರೆ ಮಾಡಿ. ಬಿದ್ದವರ ಹೆಲ್ಮೆಟ್ಟನ್ನು ಅವಸರದಿಂದ ಕಿತ್ತು ತೆಗೆಯಬಾರದು, ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಅದರಿಂದ ಹಾನಿ ಹೆಚ್ಚುತ್ತದೆ. ಅಂದು ಮತ್ತೆ ಗಾಡಿ ಹತ್ತುವ ಮೊದಲು ಬ್ರೇಕ್ ಲಿವರ್ ಬಾಗಿದೆಯೇ, ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗುತ್ತದೆಯೇ ಎಂದು ನೋಡಿಕೊಳ್ಳಿ. ಕೈ ನಡುಗುತ್ತಿದ್ದರೆ ಉಳಿದ ದಾರಿಯನ್ನು ಎಡತುದಿಯ ಲೇನಿನಲ್ಲಿ, ಒಂದು ಕಾರಿನ ಹಿಂದೆ, ಅದರ ವೇಗದಲ್ಲಿಯೇ ಮುಗಿಸಿ.